ಎಷ್ಟು ಸೆಂಟ್ ಮಳೆ ಬಿತ್ತು ಅಂತ ಬೆಳಿಗ್ಗೆಯೇ ಹೇಳಿ: ಸಕಲೇಶಪುರದಿಂದ ಒಂದು ಬಹಿರಂಗ ಪತ್ರ

ಹಾಸನದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಭಾರತೀಯ ಹವಾಮಾನ ಇಲಾಖೆಯ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಧಿಕಾರಿಗಳಿಗೆ,

ನಮಸ್ಕಾರ.

ಯುಗಾದಿ ಮುಗಿದು ಒಂದು ವಾರ ಆಯಿತು. ಈ ವಾರದಲ್ಲಿ ಸಕಲೇಶಪುರದ ಹವೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹೇಮಾವತಿ ಸೇತುವೆ ಮೇಲೆ ಲಾರಿಗಳು ಲೈಟ್ ಹಾಕಿಕೊಂಡು ಹೋಗುವಷ್ಟು ಮಂಜು. ಮಧ್ಯಾಹ್ನ ಆಗುವಷ್ಟರಲ್ಲಿ ಬಿ.ಎಂ. ರಸ್ತೆಯ ಅಂಗಡಿಗಳ ಮುಂದೆ ನಿಲ್ಲಲಾಗದ ಬಿಸಿಲು. ಮಂಗಳವಾರ ಪಶ್ಚಿಮದ ಕಡೆ ಆಕಾಶ ಕಪ್ಪಾಯಿತು, ಗಾಳಿ ಎದ್ದಿತು, ಸಿಲ್ವರ್ ಓಕ್ ಎಲೆಗಳು ರಸ್ತೆ ತುಂಬ ಬಿದ್ದವು. ಮಳೆ ಮಾತ್ರ ಇಲ್ಲ. ಬುಧವಾರ ಸಂಜೆ ಹಾನುಬಾಳು ಕಡೆಯಿಂದ ನೆಂಟರು ಫೋನ್ ಮಾಡಿ, ಅಂಗಳದಲ್ಲಿ ಆಲಿಕಲ್ಲು ಆರಿಸುತ್ತಿದ್ದೇವೆ ಅಂದರು. ಅದೇ ಹೊತ್ತಿಗೆ ಬೆಳಗೋಡಿನಲ್ಲಿ ಧೂಳು ಹಾರುತ್ತಿತ್ತು. ನಮ್ಮ ತೋಟದಲ್ಲಿ ಇಪ್ಪತ್ತು ನಿಮಿಷ ಸುರಿದು ನಿಂತಿತು. ಮಳೆಮಾಪಕದಲ್ಲಿ 18 ಸೆಂಟ್, ಅಂದರೆ ಒಂದು ಇಂಚಿನ ನೂರು ಪಾಲಿನಲ್ಲಿ 18 ಪಾಲು. ಕರೆಂಟ್ ಬಂದಿದ್ದು ರಾತ್ರಿ ಊಟ ಮುಗಿದ ಮೇಲೆ. ಶುಕ್ರವಾರ ಬೆಳಗಿನ ಜಾವ ಯಾರೂ ಎಣಿಸದ ಹೊತ್ತಿನಲ್ಲಿ ಜಿಟಿಜಿಟಿ ಹನಿ. ಶನಿವಾರ ಮತ್ತೆ ಸೆಕೆ, ಸಂಜೆಗೆ ಗುಡುಗು.

ಮಲೆನಾಡಿನ ಸೆರಗಿನಲ್ಲಿರುವ ಊರು ನಮ್ಮದು. ಹವೆ ಹೀಗೆ ಬದಲಾಗುವುದು ನಮಗೆ ಹೊಸದಲ್ಲ. ಹವೆ ಸರಿಪಡಿಸಿ ಅಂತ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಬಿದ್ದ ಮಳೆಯ ಲೆಕ್ಕ ನಿಮ್ಮ ಹತ್ತಿರ ಇದೆ. ಅದು ನಮಗೆ ಬೇಕಾದ ಹೊತ್ತಿಗೆ, ನಮಗೆ ಅರ್ಥವಾಗುವ ಹಾಗೆ, ಊರಿನ ನಡುವೆ ಸಿಗಲಿ ಅನ್ನುವುದು ನನ್ನ ಬೇಡಿಕೆ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆ ಮಳೆ ಅಳೆಯುವುದು ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತೇ 'ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?' ಅಂತ. ಹೊರಗಿನವರಿಗೆ ಇದು ಕಾಲಕ್ಷೇಪದ ಮಾತು ಅನ್ನಿಸಬಹುದು. ನಮಗೆ ಅದು ವರ್ಷದ ಬೆಳೆಯ ಪ್ರಶ್ನೆ.

ಕಾಫಿ ಗಿಡದ ಮೊಗ್ಗು ಬೇಸಿಗೆ ಪೂರ್ತಿ ಬಿಗಿಯಾಗಿ ಮಲಗಿರುತ್ತದೆ. ಅದನ್ನು ಎಬ್ಬಿಸುವುದು ಹೂಮಳೆ. ಒಂದು ಇಂಚಿನ ಆಸುಪಾಸು ಒಳ್ಳೆಯ ಮಳೆ ಒಮ್ಮೆ ಬಿದ್ದರೆ ರೊಬಸ್ಟಾ ಜಾತಿಯ ಕಾಫಿ ಏಳೆಂಟು ದಿನಕ್ಕೆ ಅರಳುತ್ತದೆ, ಅರೇಬಿಕಾ ಜಾತಿಗೆ ಇನ್ನೂ ಒಂದೆರಡು ದಿನ ಬೇಕು. ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಹದಿನೈದು ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ ಬೇಕು. ಅದನ್ನು ಬ್ಯಾಕಿಂಗ್ ಮಳೆ ಅನ್ನುತ್ತೇವೆ. ಕಚ್ಚಿದ ಕಾಯಿ ನಿಲ್ಲುವುದು ಅದರಿಂದ. ಹೂವು ಬಿರಿದು ನಿಂತ ದಿನವೇ ಮಳೆ ಹೊಡೆದರೂ ಕಷ್ಟ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಮಳೆಯಲ್ಲಿ ಆ ಕೆಲಸ ನಡೆಯುವುದಿಲ್ಲ.

ಇದೆಲ್ಲದಕ್ಕಿಂತ ಕೆಟ್ಟದ್ದು ಸ್ವಲ್ಪ ಮಳೆ. ಮೊನ್ನೆ ನಮ್ಮಲ್ಲಿ ಬಂದ 18 ಸೆಂಟ್ ಅಂಥದ್ದು. ಮೊಗ್ಗಿಗೆ ಎಚ್ಚರ ಆಗುವಷ್ಟು ನೀರು ಸಿಕ್ಕಿತು, ಅರಳುವಷ್ಟು ಸಿಗಲಿಲ್ಲ. ಹೀಗಾದಾಗ ಕೆಲವು ಮೊಗ್ಗು ಅರೆಬರೆ ಬಿರಿಯುತ್ತವೆ, ಕೆಲವು ಬಿಸಿಲಿಗೆ ಕಂದಿ ಉದುರುತ್ತವೆ. ಇದಕ್ಕೆ ಇರುವ ಪರಿಹಾರ ಒಂದೇ. ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್ ಜೋಡಿಸಿ ಉಳಿದ ನೀರನ್ನು ನಾವೇ ಕೊಡಬೇಕು. ಕೊಡಬೇಕಾ ಬೇಡವಾ ಅನ್ನುವುದು ಎಷ್ಟು ಬಿದ್ದಿದೆ, ಇನ್ನೆಷ್ಟು ಬೀಳಬಹುದು ಅನ್ನುವುದರ ಮೇಲೆ ನಿಂತಿದೆ.

ಒಂದು ಎಕರೆಗೆ ಒಂದು ಇಂಚು ನೀರು ಕೊಡುವುದು ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ಅಷ್ಟು ನೀರನ್ನು ಕೆರೆಯಿಂದ, ಹಳ್ಳದಿಂದ ಎತ್ತಬೇಕು. ಮೂರು ಫೇಸ್ ಕರೆಂಟ್ ಬಂದ ಹೊತ್ತಿಗೆ ಎದ್ದು ಹೋಗಬೇಕು, ಇಲ್ಲದಿದ್ದರೆ ಡೀಸೆಲ್ ಸುಡಬೇಕು. ಪೈಪ್ ಎಳೆದು ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಜಾಗ ಬದಲಿಸಲು ಆಳು ಬೇಕು. ಇಷ್ಟೆಲ್ಲ ಮಾಡಿ ಮುಗಿಸಿದ ಸಂಜೆಯೇ ಒಂದು ಇಂಚು ಮಳೆ ಹೊಡೆದರೆ ಖರ್ಚಾದ ದುಡ್ಡು ಹೋಯಿತು. ದುಡ್ಡಿನ ಮಾತು ಒಂದು ಕಡೆ ಇರಲಿ, ಆ ನೀರು ಯಾರದ್ದು? ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಹಳ್ಳಗಳಲ್ಲಿ ಉಳಿಯುವುದು ಪಾದ ಮುಳುಗುವಷ್ಟು ನೀರು. ಅದು ಹೇಮಾವತಿಗೆ ಸೇರಬೇಕು, ಗೊರೂರಿನ ಅಣೆಕಟ್ಟೆಗೆ ಹೋಗಬೇಕು, ಮುಂದೆ ಕಾವೇರಿಗೆ. ದಾರಿಯುದ್ದಕ್ಕೂ ಕುಡಿಯಲು ಅದನ್ನೇ ನಂಬಿದವರಿದ್ದಾರೆ, ದನಕರು ಇವೆ, ಮೀನಿವೆ. ನಾವು ಗೊತ್ತಿಲ್ಲದೆ ಸುಮ್ನೆ ಎತ್ತಿದ ಒಂದೊಂದು ಲಕ್ಷ ಲೀಟರೂ ಅವರೆಲ್ಲರ ಪಾಲಿನದ್ದು.

ಈಗ ನಿಮ್ಮ ಮುನ್ಸೂಚನೆಯ ವಿಷಯಕ್ಕೆ ಬರುತ್ತೇನೆ. ಈ ದಿನಗಳಲ್ಲಿ ನಾವು ಓದುವುದು ಹೀಗೆ: 'ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆ.' ನಿಮ್ಮದೇ ಅಳತೆಯಲ್ಲಿ ಹಗುರ ಮಳೆ ಶುರುವಾಗುವುದು 2.5 ಮಿಲಿಮೀಟರಿಗೆ, ಸಾಧಾರಣ ಮಳೆ ಮುಗಿಯುವುದು 64.4 ಮಿಲಿಮೀಟರಿಗೆ. ನಮ್ಮ ಲೆಕ್ಕದಲ್ಲಿ ಹತ್ತು ಸೆಂಟ್‌ನಿಂದ ಎರಡೂವರೆ ಇಂಚು. ಹತ್ತು ಸೆಂಟ್ ಮೊಗ್ಗು ಕೆಡಿಸುತ್ತದೆ. ಎರಡೂವರೆ ಇಂಚು ಹೂವಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ. ಇವೆರಡರ ನಡುವೆ ಒಬ್ಬ ಬೆಳೆಗಾರ ಮಾಡಬೇಕಾದ ಎಲ್ಲ ತೀರ್ಮಾನವೂ ಇದೆ. ಜಿಲ್ಲೆಗೆ ಹಳದಿ ಅಲರ್ಟ್ ಕೊಟ್ಟಾಗಲೂ ಇದೇ ಕಥೆ. ಅರಸೀಕೆರೆಯ ಬಯಲಿಗೂ ಹೆತ್ತೂರಿನ ಘಟ್ಟಕ್ಕೂ ಒಂದೇ ಬಣ್ಣ. ಹಾಸನ ಜಿಲ್ಲೆಯ ನಕಾಶೆ ಬಲ್ಲ ಯಾರಿಗಾದರೂ ಗೊತ್ತು, ಆ ಎರಡು ಊರುಗಳ ಮಳೆಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಇದನ್ನು ಮನಸಾರೆ ಹೇಳುತ್ತಿದ್ದೇನೆ. ಮುಂಗಾರಿನ ಮಳೆ ಬೇರೆ, ಈ ಮಳೆ ಬೇರೆ. ಮುಂಗಾರು ಸಮುದ್ರದ ಕಡೆಯಿಂದ ನೂರಾರು ಮೈಲಿ ಅಗಲಕ್ಕೆ ಒಟ್ಟಿಗೆ ಬರುತ್ತದೆ. ಈಗಿನದ್ದು ಹಾಗಲ್ಲ. ಬೆಳಿಗ್ಗೆಯಿಂದ ನೆಲ ಕಾಯುತ್ತದೆ. ಮಧ್ಯಾಹ್ನ ಅರಬ್ಬಿ ಸಮುದ್ರದ ತೇವದ ಗಾಳಿ ಶಿರಾಡಿ, ಬಿಸಿಲೆ ಕಡೆಯಿಂದ ಘಟ್ಟ ಹತ್ತುತ್ತದೆ. ಒಳನಾಡಿನ ಒಣ ಗಾಳಿ ಎದುರಾಗುತ್ತದೆ. ಎರಡೂ ಸೇರುವ ಕಡೆ ಬಿಸಿ ಗಾಳಿ ನೇರ ಮೇಲಕ್ಕೆ ಏಳುತ್ತದೆ, ಮೋಡ ಹತ್ತು ಕಿಲೋಮೀಟರಿಗಿಂತ ಎತ್ತರಕ್ಕೆ ಬೆಳೆಯುತ್ತದೆ. ಆ ಎತ್ತರದ ಚಳಿಯಲ್ಲಿ ಹನಿ ಹೆಪ್ಪುಗಟ್ಟಿ ಆಲಿಕಲ್ಲಾಗುತ್ತದೆ. ಇಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಗಂಟೆಯ ಲೆಕ್ಕ. ಬುಧವಾರ ಹಾನುಬಾಳಿಗೆ ಕಲ್ಲು, ಬೆಳಗೋಡಿಗೆ ಧೂಳು ಆಗಿದ್ದು ಇದರಿಂದ. ಹಿಂದಿನ ದಿನವೇ ಹಳ್ಳಿಯ ಹೆಸರು ಹಿಡಿದು ಹೇಳಿ ಅಂದರೆ ಯಾವ ದೇಶದ ವಿಜ್ಞಾನಿಗೂ ಆಗುವ ಕೆಲಸವಲ್ಲ. ನಮ್ಮ ಹಿರಿಯರೂ ನಕ್ಷತ್ರದ ಲೆಕ್ಕದಲ್ಲೇ ಮಾತಾಡಿದ್ದಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂದರು. ಆದರೆ ಭರಣಿ ಬರುವುದು ಏಪ್ರಿಲ್ ಕೊನೆಗೆ. ಕಾಫಿ ಮೊಗ್ಗು ಅಲ್ಲಿವರೆಗೆ ಕಾಯುವುದಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ನಾಳೆಯ ಮಳೆಯನ್ನಲ್ಲ, ನಿನ್ನೆಯ ಮಳೆಯನ್ನು.

ನಿಮ್ಮ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಕೂರಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಆ ಲೆಕ್ಕ ಯಲಹಂಕದ ಕಚೇರಿಗೆ ತಲುಪುತ್ತದೆ. ದೇಶದಲ್ಲಿ ಇಷ್ಟು ದಟ್ಟವಾಗಿ ಮಾಪಕ ಹಾಕಿರುವ ರಾಜ್ಯಗಳು ತುಂಬಾ ಕಡಿಮೆ. ಇದಕ್ಕಾಗಿ ನಿಮಗೆ ನಿಜವಾಗಿ ಕೃತಜ್ಞತೆ ಹೇಳಬೇಕು. ಅಂದರೆ ಬುಧವಾರ ರಾತ್ರಿ ಊಟದ ಹೊತ್ತಿಗೆ, ತಾಲೂಕಿನ ಯಾವ ಪಂಚಾಯಿತಿಯಲ್ಲಿ ಎಷ್ಟು ಬಿತ್ತು ಅನ್ನುವುದು ಬೆಂಗಳೂರಿನಲ್ಲಿ ಗೊತ್ತಿತ್ತು. ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆ ಹತ್ತಿರ, ಗೊಬ್ಬರದ ಅಂಗಡಿಗಳಲ್ಲಿ ಜನ ಅವರಿವರನ್ನು ಕೇಳಿ, ಬಾಯಿಂದ ಬಾಯಿಗೆ ಬಂದ ಸುದ್ದಿಯ ಮೇಲೆ ಪಂಪು ಹೊರಡಿಸಿದರು.

ವೆಬ್‌ಸೈಟ್‌ನಲ್ಲಿ ಇದೆ, ವರುಣಮಿತ್ರ ಸಹಾಯವಾಣಿ ಹಗಲೂ ರಾತ್ರಿ ಇದೆ ಅಂತ ನೀವು ಹೇಳಬಹುದು. ನಿಜ, ಇದೆ. ಫೋನ್ ಮಾಡಿ ಕೇಳಿದವರಿಗೆ ಉತ್ತರ ಸಿಗುತ್ತದೆ. ಆದರೆ ಗುಡುಗಿದ ರಾತ್ರಿ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಕರೆಂಟೂ ಇರುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ. ಎಪ್ಪತ್ತು ದಾಟಿದ ಬೆಳೆಗಾರ ಇಂಗ್ಲಿಷ್ ಪಟ್ಟಿಯಲ್ಲಿ ತನ್ನ ಪಂಚಾಯಿತಿ ಹುಡುಕುತ್ತಾ ಕೂರುವುದಿಲ್ಲ. ಅವರು ಬೆಳಿಗ್ಗೆ ಪೇಟೆಗೆ ಬರುತ್ತಾರೆ. ಅವರ ಕಣ್ಣಿಗೆ ಬೀಳುವ ಜಾಗದಲ್ಲಿ ಲೆಕ್ಕ ಇರಬೇಕು.

ಇದು ಆಗದ ಕೆಲಸ ಅನ್ನಬೇಡಿ, ಯಾಕೆಂದರೆ ನಮ್ಮ ತಾಲೂಕಿನಲ್ಲಿ ಇದಕ್ಕಿಂತ ಕಷ್ಟದ ಕೆಲಸ ಆಗಲೇ ನಡೆಯುತ್ತಿದೆ. ಸಕಲೇಶಪುರ, ಆಲೂರು ಕಡೆ ಆನೆ ಯಾವ ಊರಿನ ಹತ್ತಿರ ಇದೆ ಅಂತ ಅರಣ್ಯ ಇಲಾಖೆ ರಸ್ತೆ ಬದಿಯ ಎಲ್‌ಇಡಿ ಫಲಕದಲ್ಲಿ ತೋರಿಸುತ್ತದೆ. ಮೊಬೈಲ್‌ಗೆ ಸಂದೇಶ ಕಳಿಸುತ್ತದೆ. ತೋಟಕ್ಕೆ ಹೊರಟ ಹೆಂಗಸರು ಆ ಫಲಕ ನೋಡಿ ದಾರಿ ಬದಲಿಸಿದ್ದನ್ನು ನಾನೇ ನೋಡಿದ್ದೇನೆ. ಕಾಡಿನಲ್ಲಿ ತಿರುಗುವ ಆನೆಯ ಜಾಗವನ್ನು ಕನ್ನಡದಲ್ಲಿ, ಊರಿನ ಹೆಸರು ಹಾಕಿ, ಅದೇ ದಿನ ತಿಳಿಸಲು ಆಗುತ್ತದೆ. ನೆಟ್ಟ ಜಾಗದಲ್ಲೇ ನಿಂತಿರುವ ಮಾಪಕದ ಲೆಕ್ಕ ತಿಳಿಸಲು ಯಾಕೆ ಆಗಬಾರದು? ಹೊಸ ಫಲಕ ಕೂಡ ಬೇಡ. ಇರುವ ಫಲಕದಲ್ಲೇ ಆನೆಯ ಸಾಲಿನ ಕೆಳಗೆ ಮಳೆಯ ಸಾಲು ಹಾಕಬಹುದು. ಎರಡು ಇಲಾಖೆಯವರು ಒಂದು ಮೇಜಿನ ಸುತ್ತ ಕೂತರೆ ಮುಗಿಯುವ ಮಾತು. ಅವರನ್ನು ಕೂರಿಸುವ ಅಧಿಕಾರ ಜಿಲ್ಲಾಧಿಕಾರಿಗಳಾದ ನಿಮಗಿದೆ.

ದಿನದ ಮಳೆಯ ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಮರುದಿನದ ಎಂಟೂವರೆವರೆಗೆ ಅಲ್ವಾ? ಒಂಬತ್ತು ಗಂಟೆಗೆ ಕಸಬಾ, ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು ಈ ಐದೂ ಹೋಬಳಿಯ ಒಂದೊಂದು ಪಂಚಾಯಿತಿಯ ಅಂಕಿಯೂ ಬೇರೆ ಬೇರೆಯಾಗಿ ಫಲಕಕ್ಕೆ ಬರಲಿ. ಮಿಲಿಮೀಟರ್ ಜೊತೆಗೆ ಸೆಂಟ್‌ನಲ್ಲೂ ಹಾಕಿ. ಮುನ್ಸೂಚನೆ ಕೊಡುವಾಗಲೂ ಅಂಕಿ ಕೊಡಿ: ಅರ್ಧ ಇಂಚು ದಾಟುವ ಸಾಧ್ಯತೆ ಎಷ್ಟು, ಒಂದು ಇಂಚು ದಾಟುವುದು ಎಷ್ಟು. ತಪ್ಪಾದರೆ ನಾವು ಜಗಳಕ್ಕೆ ಬರುವುದಿಲ್ಲ. ಆಕಾಶ ನೋಡಿ ನಾವೂ ದಿನಾ ತಪ್ಪುತ್ತೇವೆ.

ಮಾಪಕಗಳ ಆರೈಕೆ ಬಗ್ಗೆಯೂ ಒಂದು ಮಾತು. ಮಲೆನಾಡಿನಲ್ಲಿ ಮರ ಬೇಗ ಬೆಳೆಯುತ್ತದೆ. ಮಾಪಕ ಕೂರಿಸಿದಾಗ ಬಯಲಾಗಿದ್ದ ಜಾಗದ ಮೇಲೆ ಕೆಲವೇ ವರ್ಷದಲ್ಲಿ ಕೊಂಬೆ ಬಂದಿರುತ್ತದೆ. ಒಂದು ಎಲೆ ಬಿದ್ದು ಆಲಿಕೆಯ ಬಾಯಿ ಕಟ್ಟಿದರೆ ಲೆಕ್ಕ ಸುಳ್ಳಾಗುತ್ತದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ಇದೇ ಅಂಕಿ ಆಧಾರ. ಪಂಚಾಯಿತಿಯಲ್ಲಿ ಒಬ್ಬರಿಗೆ ಜವಾಬ್ದಾರಿ ಕೊಟ್ಟು, ಮಳೆಗಾಲಕ್ಕೆ ಮುಂಚೆಯಷ್ಟೇ ಅಲ್ಲದೆ ಹೂಮಳೆಗೆ ಮುಂಚೆ ಜನವರಿಯಲ್ಲೂ ಒಮ್ಮೆ ಒರೆಸಿ ನೋಡುವ ಏರ್ಪಾಡು ಮಾಡಿ.

ಇನ್ನು, ಗುಡುಗು ಸಿಡಿಲು ಬರುವ ಮೂರು ಗಂಟೆ ಮುಂಚೆ ಕೊಡುವ ಎಚ್ಚರಿಕೆಯ ವಿಷಯ. ಇದರಲ್ಲಿ ಬೆಳೆಗಿಂತ ದೊಡ್ಡ ವಿಷಯ ಇದೆ.

ಈಗ ಕಾಳುಮೆಣಸು ಕೊಯ್ಲಿನ ಕಾಲ. ಮೆಣಸಿನ ಬಳ್ಳಿ ಹಬ್ಬಿರುವುದು ಸಿಲ್ವರ್ ಓಕ್ ಮತ್ತು ಕಾಡುಮರಗಳ ಮೇಲೆ. ಮೂವತ್ತು ಅಡಿ ಎತ್ತರಕ್ಕೆ ಏಣಿ ಒರಗಿಸಿ, ಮರಕ್ಕೆ ಹಗ್ಗ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹುಡುಗರು ಕೊಯ್ಯುತ್ತಾರೆ. ಈಚೆಗೆ ಬಿದಿರಿನ ಏಣಿಯ ಜಾಗಕ್ಕೆ ಅಲ್ಯೂಮಿನಿಯಂ ಏಣಿ ಬಂದಿದೆ. ಹೊರಲು ಹಗುರ. ಮೇಲೆ ಇರುವವನಿಗೆ ಸುತ್ತ ಎಲೆ ಬಿಟ್ಟರೆ ಏನೂ ಕಾಣುವುದಿಲ್ಲ, ಘಟ್ಟದ ಕಡೆ ಮೋಡ ಏಳುವುದೂ ಕಾಣುವುದಿಲ್ಲ. ಶನಿವಾರ ಮೊದಲ ಗುಡುಗು ಕೇಳಿದಾಗ ಪಕ್ಕದ ತೋಟದಲ್ಲಿ ಒಬ್ಬ ಹುಡುಗ ಮರದ ತುದಿಯಲ್ಲಿದ್ದ. ಕೆಳಗಿನಿಂದ ಕೂಗಿದರು. ಅವನು ಹಗ್ಗ ಬಿಚ್ಚಿ, ಚೀಲ ಬಿಡದೆ, ಒಂದೊಂದೇ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಮತ್ತೆರಡು ಸಲ ಮಿಂಚಿತು. ನೆಲಕ್ಕೆ ಕಾಲಿಟ್ಟ ಮೇಲೆ ಎಲ್ಲರೂ ಲೈನ್ ಮನೆಗೆ (ತೋಟದ ಕೆಲಸದವರ ಸಾಲುಮನೆಗೆ) ಓಡಿದರು. ಏನೂ ಆಗಲಿಲ್ಲ. ಪ್ರತಿ ವರ್ಷ ಈ ರಾಜ್ಯದಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆ ಹೇಳುವಂತಿಲ್ಲ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳೇ ನಮ್ಮಲ್ಲಿ ಸಿಡಿಲು ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವ ಕಾಲ.

ಸಿಡಿಲಿಗೆ ಆ್ಯಪ್‌ಗಳಿವೆ. ಉಸ್ತುವಾರಿ ಕೇಂದ್ರದ 'ಸಿಡಿಲು' ಇದೆ, ಪುಣೆಯ ಸಂಸ್ಥೆ ಮಾಡಿದ 'ದಾಮಿನಿ' ಇದೆ. ಹವಾಮಾನ ಇಲಾಖೆ ರಾಡಾರ್ ನೋಡಿ ಮುಂದಿನ ಮೂರು ಗಂಟೆಯ ಎಚ್ಚರಿಕೆ ಕೊಡುತ್ತದೆ. ಹಿಂದಿನ ದಿನ ಹೇಳಲಾಗದ್ದನ್ನು ಮೂರು ಗಂಟೆ ಮುಂಚೆ ಬಹುಮಟ್ಟಿಗೆ ಹೇಳಬಹುದು. ಆದರೆ ಮರದ ಮೇಲಿರುವ ಆ ಹುಡುಗ ಅಸ್ಸಾಮಿನವನು. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಕೆಲಸದ ಹೊತ್ತಿನಲ್ಲಿ ಫೋನು ಲೈನ್ ಮನೆಯಲ್ಲಿ ಚಾರ್ಜಿಗಿರುತ್ತದೆ. ನಮ್ಮ ತೋಟಗಳಲ್ಲಿ ಇವತ್ತು ದುಡಿಯುವವರಲ್ಲಿ ಉತ್ತರ ಕರ್ನಾಟಕದವರು, ತಮಿಳುನಾಡಿನವರು, ಅಸ್ಸಾಮಿನವರು ಎಲ್ಲರೂ ಇದ್ದಾರೆ. ಅವರಿಗೆ ತಲುಪುವುದು ಸದ್ದು. ಪಂಚಾಯಿತಿ ಕಟ್ಟಡದ ಮೇಲೆ, ಶಾಲೆಯ ಮೇಲೆ ಒಂದು ಸೈರನ್ ಇರಲಿ. ಸಿಡಿಲಿನ ಎಚ್ಚರಿಕೆ ಬಂದ ಕೂಡಲೇ ಅದು ಕೂಗಲಿ. ಅದು ಕೂಗಿದರೆ ಏಣಿ ಇಳಿಯಬೇಕು ಅಂತ ತೋಟದ ಮಾಲೀಕರಿಗೂ, ಕೆಲಸದ ಲೆಕ್ಕ ನೋಡುವ ರೈಟರಿಗೂ ಜಿಲ್ಲಾಡಳಿತದಿಂದಲೇ ಸೂಚನೆ ಹೋಗಲಿ. ಕೂಲಿ ಕಡಿತ ಆಗಬಾರದು ಅಂತಲೂ ಅದರಲ್ಲಿ ಬರೆಯಿರಿ. ಇದನ್ನು ನಾನು ಬೆಳೆಗಾರನಾಗಿಯೇ ಹೇಳುತ್ತಿದ್ದೇನೆ. ಅರ್ಧ ದಿನದ ಮೆಣಸು ಮರದಲ್ಲೇ ಉಳಿದರೆ ನಾಳೆ ಕೊಯ್ಯಬಹುದು.

ಪೇಟೆಯೊಳಗೆ ಇನ್ನೂ ಸುಲಭ. ದಿನಾ ಬೆಳಿಗ್ಗೆ ಕಸದ ಗಾಡಿ ಮೈಕ್ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತದೆ. ಹಾಡಿನ ನಡುವೆ ಅರ್ಧ ನಿಮಿಷ ಮಳೆಯ ಸುದ್ದಿ ಹೇಳಿಸಿ. ಕಣದಲ್ಲಿ ಮೆಣಸು, ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಹರಡಿರುವವರಿಗೆ ಟಾರ್ಪಾಲು ಹತ್ತಿರ ಇಟ್ಟುಕೊಳ್ಳಲು ಅಷ್ಟು ಸಾಕು. ಶುಕ್ರವಾರದ ಬೆಳಗಿನ ಹನಿಗೆ ಒದ್ದೆಯಾದ ಮೆಣಸನ್ನು ಒಣಗಿಸಲು ನಮ್ಮ ಬೀದಿಯ ಎರಡು ಮನೆಯವರು ಇನ್ನೂ ಒದ್ದಾಡುತ್ತಿದ್ದಾರೆ. ಒದ್ದೆಯಾಗಿ ಬೂಷ್ಟು ಹಿಡಿದ ಮೆಣಸಿಗೆ ವ್ಯಾಪಾರಿ ಕೊಡುವ ಬೆಲೆ ನಿಮಗೂ ಗೊತ್ತಿರಬಹುದು.

ಕೇಂದ್ರದ ಹವಾಮಾನ ಇಲಾಖೆಗೆ ಬೇರೆಯಾಗಿ ಒಂದು ಮನವಿ. 2018ರಿಂದ ಈಚೆಗೆ ದೇಶದ 199 ಜಿಲ್ಲೆಗಳಲ್ಲಿ ಕೃಷಿ ಹವಾಮಾನ ಘಟಕಗಳನ್ನು ತೆರೆದಿದ್ದಿರಿ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ತಾಲೂಕು ಮಟ್ಟದ ಸಲಹೆ ಸ್ಥಳೀಯ ಭಾಷೆಯಲ್ಲಿ ಬರುವ ವ್ಯವಸ್ಥೆ ಅದು. 2024ರಲ್ಲಿ ಅವುಗಳನ್ನು ಮುಚ್ಚಲು ಆದೇಶ ಆಯಿತು. ಮುನ್ಸೂಚನೆಯನ್ನು ಕಂಪ್ಯೂಟರ್ ಮಾಡಬಹುದು. ಆದರೆ 'ಇವತ್ತು ಜೆಟ್ ಹಾಕಬೇಡಿ, ಎರಡು ದಿನ ನೋಡಿ' ಅಂತ ಹೇಳಲು ಕಾಫಿ ಗಿಡವನ್ನೂ ಈ ಮಣ್ಣನ್ನೂ ಬಲ್ಲ ಮನುಷ್ಯ ಬೇಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ, ಅಲ್ಲಿನ ತಿಳಿವಳಿಕೆಯೂ ನಿಮ್ಮ ರಾಡಾರಿನ ಚಿತ್ರವೂ ಒಂದೇ ಸಂದೇಶದಲ್ಲಿ ಸೇರಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬರುವುದು ಕರ್ನಾಟಕದಿಂದ. ಅದನ್ನು ಬೆಳೆಯುವವರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿಯವರು. ದೊಡ್ಡ ಎಸ್ಟೇಟ್‌ನವರು ದುಡ್ಡು ಕೊಟ್ಟು ಖಾಸಗಿ ಮುನ್ಸೂಚನೆ ತರಿಸಿಕೊಳ್ಳಬಹುದು. ನಾಲ್ಕೈದು ಎಕರೆಯವರಿಗೆ ನೀವೇ ಗತಿ.

ನಮ್ಮ ಕಡೆಯಿಂದ ಏನು ಕೊಡಬಹುದು ಅಂತಲೂ ಹೇಳಬೇಕು. ಈ ತಾಲೂಕಿನ ಹಳೆಯ ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಬರೆದಿಟ್ಟ ರಿಜಿಸ್ಟರ್‌ಗಳಿವೆ. ಅಜ್ಜ ಶುರು ಮಾಡಿದ್ದನ್ನು ಮೊಮ್ಮಗ ಮುಂದುವರಿಸಿದ ಮನೆಗಳಿವೆ. ಪ್ರತಿ ದಿನದ ಇಂಚು, ಸೆಂಟ್ ಅದರಲ್ಲಿದೆ. ಹೂಮಳೆ ಯಾವ ವರ್ಷ ಯಾವ ದಿನ ಬಂತು, ಎಷ್ಟು ಬಂತು ಅನ್ನುವುದಕ್ಕೆ ಇಷ್ಟು ಒಳ್ಳೆಯ ದಾಖಲೆ ಬೇರೆಲ್ಲೂ ಸಿಗಲಾರದು. ಕೇಳಿದರೆ ಕೊಡುತ್ತಾರೆ. ನಾನು ಮಾತಾಡಿದ ನೆರೆಹೊರೆಯ ಬೆಳೆಗಾರರು ಖುಷಿಯಿಂದ ಒಪ್ಪಿದ್ದಾರೆ. ನಿಮ್ಮ ಮಾಪಕ ಇಲ್ಲದ ಮೂಲೆಗಳಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ನಮ್ಮ ಮಾಪಕದ ಅಂಕಿಯನ್ನು ಫೋಟೋ ಸಮೇತ ಕಳಿಸಲೂ ನಾವು ತಯಾರಿದ್ದೇವೆ. ಯಾರಿಗೆ ಕಳಿಸಬೇಕು ಅಂತ ಒಂದು ನಂಬರ್ ಕೊಡಿ.

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಇನ್ನೂ ಮುಂದಿವೆ. ಮೇ ಕೊನೆಯವರೆಗೆ ಗುಡುಗು ಸಿಡಿಲು ಇದ್ದೇ ಇರುತ್ತದೆ. ಎಲ್ಲವೂ ಈ ವರ್ಷವೇ ಆಗಲಿಕ್ಕಿಲ್ಲ, ಅದು ಗೊತ್ತು. ಸೈರನ್ ಮತ್ತು ಇರುವ ಫಲಕದಲ್ಲಿ ಮಳೆಯ ಸಾಲು ಈ ಎರಡನ್ನು ಈ ತಿಂಗಳೇ ಶುರು ಮಾಡಬಹುದು. ಹಾನುಬಾಳು ಮತ್ತು ಹೆತ್ತೂರು ಹೋಬಳಿಗಳಿಂದ ಆರಂಭಿಸಿ. ಘಟ್ಟ ಹತ್ತುವ ಮೋಡ ಮೊದಲು ಮುಟ್ಟುವುದು ಆ ಕಡೆಯನ್ನೇ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ